ಕಠಿಣ ಮಟ್ಟದಲ್ಲಿ ವಿಡಿಯೊ ಗೇಮ್ ಆಡಿದವರಿಗೆ ಬದುಕಿನಲ್ಲಿ ಏನಾದರೂ ದಕ್ಕುತ್ತದೆಯೇ?

ಭೀಮಾತೀರದವನು (ಯಾದಗಿರಿ)

ಎಲ್ಲರಿಗೂ ನಮಸ್ಕಾರ. ನನಗೆ ಇಪ್ಪತ್ತಾರು ವರ್ಷ. ಯಾದಗಿರಿಯಲ್ಲಿ ಮನೆಯಲ್ಲೇ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ, ಹಗಲು ಹೊತ್ತು ಅಂಗಳಕ್ಕೂ ಕಾಲಿಡಲಾಗದಷ್ಟು ಬಿಸಿಲಿದ್ದ ದಿನಗಳಲ್ಲಿ, ಗೆಳೆಯನೊಬ್ಬನ ಪ್ಲೇಸ್ಟೇಷನ್ ತಂದಿಟ್ಟುಕೊಂಡು 'ಸೆಕಿರೊ' ಆಡಿ ಮುಗಿಸಿದೆ. ತಿಳಿಯದವರಿಗಾಗಿ ಎರಡು ಮಾತು: ಇದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2019ರಲ್ಲಿ ಹೊರತಂದ ಆಟ. ಇದರಲ್ಲಿ ಸುಲಭ, ಮಧ್ಯಮ, ಕಠಿಣ ಎಂದು ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಇರುವುದು ಒಂದೇ ಮಟ್ಟ, ಅದು ಎಲ್ಲರಿಗೂ ಕಠಿಣವೇ. ಕೋಟೆಯ ತುದಿಯಲ್ಲಿ ಕಾದು ನಿಂತಿರುವ ಗೆನಿಚಿರೊ ಎಂಬ ಎದುರಾಳಿಯೊಬ್ಬನನ್ನು ಸೋಲಿಸಲು ನನಗೆ ಒಂಬತ್ತು ರಾತ್ರಿ ಹಿಡಿಯಿತು. ಎಷ್ಟು ಸಲ ಸತ್ತೆನೆಂದು ಲೆಕ್ಕ ಇಟ್ಟಿದ್ದೆ. ಅರವತ್ತು ದಾಟಿದ ಮೇಲೆ ಲೆಕ್ಕ ಬಿಟ್ಟೆ.

ಇದಾದ ಎರಡು ತಿಂಗಳಿಗೆ ನಾನು ಬರೆದಿದ್ದ ಪೂರ್ವಭಾವಿ ಪರೀಕ್ಷೆಯೊಂದರ ಫಲಿತಾಂಶ ಬಂತು, ಪಾಸಾಗಿರಲಿಲ್ಲ. ಹಿಂದಿನ ಸಲ ಹೀಗಾದಾಗ ನಾಲ್ಕು ದಿನ ಯಾರೊಂದಿಗೂ ಮಾತಾಡದೆ ಮುಸುಕು ಹೊದ್ದು ಮಲಗಿದ್ದವನು, ಈ ಸಲ ಅದೇ ಸಂಜೆ ಕೀ ಉತ್ತರಗಳನ್ನು ತೆರೆದು, ತಪ್ಪಿದ ಪ್ರಶ್ನೆಗಳಲ್ಲಿ ಓದದೇ ತಪ್ಪಿದ್ದು ಯಾವುದು, ಓದಿಯೂ ತಪ್ಪಿದ್ದು ಯಾವುದು ಎಂದು ಗುರುತು ಹಾಕುತ್ತ ಕುಳಿತೆ. ಇದು ಆ ಒಂಬತ್ತು ರಾತ್ರಿಗಳ ಫಲವೆಂದು ನನಗೆ ಬಲವಾಗಿ ಅನ್ನಿಸಿದೆ. ಅಪ್ಪನ ಅಭಿಪ್ರಾಯ ಬೇರೆ. "ಆ ಟಿವಿ ಮುಂದ ಕುಂತು ಕುಂತು ಏನ್ ಕಲ್ತಿಯೋ ತಮ್ಮಾ" ಎಂದು ಅವರು ಕೇಳಿದಾಗ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ನಿಮ್ಮಲ್ಲಿ ಇದ್ದರೆ ಹೇಳಿ. ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಜಗಳ ಬೇಡ; ಕಠಿಣ ಮಟ್ಟದಲ್ಲಿ ಆಡುವುದರಿಂದ ಆಟದ ಹೊರಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಬೆಳೆಯುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮುಸ್ತಫಾ ಕಾಲದವನು (ಕಲಬುರಗಿ)

ತಮ್ಮಾ, ನಿನ್ನ ಪ್ರಶ್ನೆ ಚೆನ್ನಾಗಿದೆ, ಆದರೆ 'ಕಠಿಣ' ಎಂಬ ಮಾತನ್ನೇ ಮೊದಲು ಬಿಡಿಸಿ ನೋಡಬೇಕು. ತೊಂಬತ್ತರ ದಶಕದಲ್ಲಿ ನಮ್ಮೂರಿನ ಸೂಪರ್ ಮಾರ್ಕೆಟ್ ಕಡೆಯ ಗಲ್ಲಿಯೊಂದರ ಪಾರ್ಲರ್‌ನಲ್ಲಿ, ಬಾಗಿಲಿಗೆ ಗೋಣಿತಾಟು ಇಳಿಬಿಟ್ಟ ಕತ್ತಲೆಯ ಕೋಣೆಯಲ್ಲಿ, ನಾವು ಆಡಿದ್ದು 'ಮುಸ್ತಫಾ'. ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎಂದೂ, ಅದು 1993ರಲ್ಲಿ ಕ್ಯಾಪ್ಕಾಮ್ ಕಂಪನಿ ತಂದದ್ದೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದರಲ್ಲಿದ್ದ ಹಳದಿ ಟೋಪಿಯ ಪಾತ್ರದ ಹೆಸರನ್ನೇ ನಾವೆಲ್ಲ ಆಟಕ್ಕೆ ಇಟ್ಟುಬಿಟ್ಟಿದ್ದೆವು.

ಆ ಕಾಲದ ಯಂತ್ರಗಳು ಕಠಿಣವಾಗಿದ್ದದ್ದು ನಮಗೆ ತಾಳ್ಮೆ ಕಲಿಸಲಿಕ್ಕಲ್ಲ. ನಾಣ್ಯ ಬೇಗ ಮುಗಿದರೆ ಮಾಲೀಕನಿಗೆ ಲಾಭ. ಯಂತ್ರದ ಒಳಗಿನ ಬೋರ್ಡಿನಲ್ಲಿರುವ ಸಣ್ಣ ಸ್ವಿಚ್ಚುಗಳಿಂದಲೋ ಸರ್ವಿಸ್ ಮೆನುವಿನಿಂದಲೋ ಮಟ್ಟವನ್ನು ಏರಿಸುವ, ಇಳಿಸುವ ಸೌಲಭ್ಯ ಅಂಗಡಿಯವನಿಗೆ ಇರುತ್ತಿತ್ತು. ಶಾಲೆಗೆ ರಜೆ ಬಿದ್ದ ದಿನಗಳಲ್ಲಿ ಅದೇ ಎದುರಾಳಿ ಏಕೆ ಹೆಚ್ಚು ಏಟು ತಿನ್ನುತ್ತಾನೆಂದು ನಾವು ತಲೆ ಕೆರೆದುಕೊಳ್ಳುತ್ತಿದ್ದೆವು! ಆ ಪಾರ್ಲರ್‌ನಲ್ಲಿ ನಾನು ನಿಜವಾಗಿ ಕಲಿತದ್ದು ಒಂದು ರೂಪಾಯಿಯಲ್ಲಿ ಎಷ್ಟು ಹೊತ್ತು ಉಳಿಯಬಹುದು ಎಂಬ ಜಿಪುಣತನ. ಈಗ ಕಿರಾಣಿ ಅಂಗಡಿ ನಡೆಸುವಾಗ ಅದು ಉಪಯೋಗಕ್ಕೆ ಬಂದಿದೆ ಎಂದರೆ ನೀವು ನಗಬಹುದು.

ಗಣಿತದ ಮಾಸ್ತರ (ಸೇಡಂ)

ಪ್ರಶ್ನೆ ಕೇಳಿದ ತಮ್ಮನಿಗೆ ನಿರಾಸೆಯಾಗಬಹುದು, ಆದರೂ ಹೇಳುತ್ತೇನೆ. ಒಂದರಲ್ಲಿ ಪಳಗಿದರೆ ಇನ್ನೊಂದರಲ್ಲೂ ಚುರುಕಾಗುತ್ತೇವೆ ಎಂಬ ನಂಬಿಕೆ ಬಹಳ ಹಳೆಯದು. ಲ್ಯಾಟಿನ್ ಕಲಿತರೆ ಬುದ್ಧಿ ಹರಿತವಾಗುತ್ತದೆ ಎಂದು ಯುರೋಪಿನ ಶಾಲೆಗಳು ನಂಬಿದ್ದವು. ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬಿಬ್ಬರು ಅಮೆರಿಕದ ಮನೋವಿಜ್ಞಾನಿಗಳು 1901ರಲ್ಲಿಯೇ ಇದನ್ನು ಪರೀಕ್ಷಿಸಿ, ಒಂದು ಕೆಲಸದಲ್ಲಿ ಗಳಿಸಿದ ಪಳಗುವಿಕೆ ಇನ್ನೊಂದಕ್ಕೆ ಹರಿದು ಬರುವುದು ಆ ಎರಡರಲ್ಲೂ ಸಮಾನ ಅಂಶಗಳು ಇದ್ದಷ್ಟು ಮಾತ್ರ ಎಂದು ತೋರಿಸಿದರು. ಚೆಸ್ ಕುರಿತ ಪ್ರಯೋಗ ಇನ್ನೂ ಸೊಗಸಾಗಿದೆ. ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾದ ಆಟದ ನಡುವಿನ ಹಾಸನ್ನು ಕೆಲವೇ ಸೆಕೆಂಡು ತೋರಿಸಿ ಮರೆಮಾಡಿದರೆ ನುರಿತ ಆಟಗಾರ ಹೆಚ್ಚಿನ ಕಾಯಿಗಳನ್ನು ಅದೇ ಜಾಗಗಳಲ್ಲಿ ಮತ್ತೆ ಜೋಡಿಸುತ್ತಿದ್ದ. ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದರೆ ಅವನ ನೆನಪು ಹೊಸಬನ ನೆನಪಿಗಿಂತ ಮೇಲಾಗಿ ಉಳಿಯಲಿಲ್ಲ. ಎಂದರೆ ಬೆಳೆದದ್ದು ಚೆಸ್‌ನ ನೆನಪೇ ಹೊರತು ನೆನಪಿನ ಶಕ್ತಿಯಲ್ಲ.

ಇದನ್ನು ಮರೆತು ವ್ಯಾಪಾರ ಮಾಡಿದವರೂ ಉಂಟು. ಲುಮಾಸಿಟಿ ಎಂಬ 'ಮಿದುಳು ತರಬೇತಿ' ಆಟಗಳ ಕಂಪನಿಯು ತನ್ನ ಜಾಹೀರಾತುಗಳ ಭರವಸೆಗಳಿಗೆ ಸಾಕಷ್ಟು ಆಧಾರವಿಲ್ಲವೆಂಬ ಆರೋಪದ ಮೇಲೆ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ನನ್ನ ತರಗತಿಯ ಅನುಭವವನ್ನೂ ಸೇರಿಸುತ್ತೇನೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ಒಂದೇ ಹಂತವನ್ನು ನೂರು ಸಲ ಆಡಿ ದಾಟುತ್ತಾನೆ, ಆದರೆ ರೇಖಾಗಣಿತದ ಸಾಧನೆಯಲ್ಲಿ ಎರಡನೆಯ ಹೆಜ್ಜೆ ಸಿಗದಿದ್ದರೆ ಪೆನ್ನಿನ ಮುಚ್ಚಳ ಹಾಕಿ ಕಿಟಕಿಯ ಕಡೆ ನೋಡುತ್ತಾನೆ. ತಾಳ್ಮೆ ಎಂಬುದು ಹುಡುಗನ ಒಳಗೆ ಇರುವ ಒಂದು ಡಬ್ಬಿಯಾಗಿದ್ದರೆ ಎರಡು ಕಡೆಯೂ ಅದೇ ತೆರೆದುಕೊಳ್ಳಬೇಕಿತ್ತಲ್ಲವೇ?

ಸುರಪುರದ ಗೇಮರ್

ಮಾಸ್ತರರ ಮಾತಿಗೆ ಆಟದ ಒಳಗಿನಿಂದಲೇ ಸಾಕ್ಷಿ ಕೊಡುತ್ತೇನೆ. ಸೆಕಿರೊಗಿಂತ ಮೊದಲು ಅದೇ ಕಂಪನಿ 2011ರಲ್ಲಿ 'ಡಾರ್ಕ್ ಸೋಲ್ಸ್' ತಂದಿತ್ತು, ಅದನ್ನು ನಾನು ಮೂರು ಸಲ ಮುಗಿಸಿದ್ದೇನೆ. ಅದರಲ್ಲಿ ಏಟು ಬರುವ ಹೊತ್ತಿಗೆ ಉರುಳಿ ತಪ್ಪಿಸಿಕೊಳ್ಳುವುದು ಜೀವ ಉಳಿಸುವ ಅಭ್ಯಾಸ. ಆ ಅಭ್ಯಾಸವನ್ನು ಹೊತ್ತುಕೊಂಡು ಸೆಕಿರೊಗೆ ಬಂದಾಗ ಹೊಸಬನಿಗಿಂತಲೂ ಕೆಟ್ಟದಾಗಿ ಸೋತೆ. ಇಲ್ಲಿ ಹಿಂದೆ ಸರಿದರೆ ಎದುರಾಳಿಯ ಸ್ಥೈರ್ಯ ಮತ್ತೆ ತುಂಬಿಕೊಳ್ಳುತ್ತದೆ. ಎದುರಿಗೆ ನಿಂತು, ಕತ್ತಿ ತಾಗುವ ಕ್ಷಣಕ್ಕೆ ಸರಿಯಾಗಿ ತಡೆದು, ಅವನ ನಿಲುವನ್ನೇ ಮುರಿಯಬೇಕು. ಒಂದೇ ಕಂಪನಿಯ, ಒಬ್ಬನೇ ನಿರ್ದೇಶಕನ ಎರಡು ಆಟಗಳ ನಡುವೆಯೇ ಕಲಿಕೆ ಅಡ್ಡಗಾಲು ಹಾಕುವುದಾದರೆ, ಆಟದಿಂದ ಕಚೇರಿಗೆ ಅದು ನಡೆದು ಹೋಗುತ್ತದೆ ಎಂದು ಹೇಗೆ ನಂಬುವುದು?

ಇನ್ನೊಂದು ಮಾತು. ಎಲ್ಲ 'ಕಠಿಣ' ಮಟ್ಟಗಳೂ ಕಲಿಸುವಂಥವಲ್ಲ. 'ಸ್ಕೈರಿಮ್'ನಲ್ಲಿ 'ಲೆಜೆಂಡರಿ' ಎಂಬ ಮಟ್ಟವಿದೆ; ಅದನ್ನು ಆರಿಸಿದರೆ ನಮ್ಮ ಏಟಿನ ಬಲ ಕಾಲು ಭಾಗಕ್ಕೆ ಇಳಿದು, ನಾವು ತಿನ್ನುವ ಏಟು ಮೂರು ಪಟ್ಟಾಗುತ್ತದೆ. ಎದುರಾಳಿಯೇನೂ ಜಾಣನಾಗುವುದಿಲ್ಲ, ಅದೇ ಕೆಲಸವನ್ನು ಹೆಚ್ಚು ಹೊತ್ತು ಮಾಡಬೇಕು, ಅಷ್ಟೆ. ಕಲ್ಲು ಹೊತ್ತವನಿಗೆ ಇನ್ನೊಂದು ಕಲ್ಲು ಹೊರಿಸಿದ ಹಾಗೆ.

ಬೀದರ್ ಪಿಯುಸಿ ಹುಡುಗ

ಸರ್, ಹಾಗಾದರೆ ಗ್ರ್ಯಾನ್ ಟುರಿಸ್ಮೊ ಆಡಿ ನಿಜವಾದ ರೇಸ್ ಚಾಲಕರಾದವರ ಬಗ್ಗೆ ಏನು ಹೇಳುತ್ತೀರಿ? ನಿಸ್ಸಾನ್ ಮತ್ತು ಸೋನಿ ಸೇರಿ 2008ರಲ್ಲಿ ಶುರು ಮಾಡಿದ ಸ್ಪರ್ಧೆಯಲ್ಲಿ ಗೆದ್ದ ಸ್ಪೇನಿನ ಲೂಕಾಸ್ ಒರ್ಡೊನೆಜ್ 2011ರ ಲಾ ಮಾನ್ 24 ಗಂಟೆಗಳ ರೇಸಿನಲ್ಲಿ ತಮ್ಮ ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದರು. ಮನೆಯ ಸೋಫಾದಿಂದ ಲಾ ಮಾನ್‌ಗೆ ಹೋದದ್ದು ಸುಳ್ಳಲ್ಲವಲ್ಲ?

ಗಣಿತದ ಮಾಸ್ತರ (ಸೇಡಂ)

ಸುಳ್ಳಲ್ಲ ಮಗೂ, ಆದರೆ ಅದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತಬೇಕು, ಯಾವ ಗೆರೆಯಲ್ಲಿ ಕಾರನ್ನು ಒಯ್ಯಬೇಕು ಎಂಬುದು ಆಟದಲ್ಲೂ ರಸ್ತೆಯಲ್ಲೂ ಒಂದೇ. ಗೆದ್ದ ಮೇಲೆ ಅವರಿಗೆ ನಿಜವಾದ ಕಾರಿನಲ್ಲಿ ತರಬೇತಿ ಕೊಟ್ಟರೆಂಬುದನ್ನೂ ಮರೆಯಬಾರದು. ನಿಮ್ಮ ಬೀದರಿನ ವಾಯುನೆಲೆಯಿಂದ ಹಾಕ್ ತರಬೇತಿ ವಿಮಾನಗಳು ಏಳುವುದನ್ನು ನೀನು ದಿನವೂ ನೋಡುತ್ತೀಯ. ವಿಮಾನ ಚಾಲಕರು ಅಭ್ಯಾಸ ಮಾಡುವ ಸಿಮ್ಯುಲೇಟರ್ ಉಪಯುಕ್ತವಾಗುವುದು ಅದು ಕಠಿಣ ಎಂಬ ಕಾರಣಕ್ಕಲ್ಲ, ಅದರ ಗುಂಡಿಗಳೂ ಮುಳ್ಳುಗಳೂ ವಿಮಾನದ ಹಾಗೆಯೇ ಇರುತ್ತವೆ ಎಂಬ ಕಾರಣಕ್ಕೆ.

ಶಸ್ತ್ರಚಿಕಿತ್ಸೆಯ ವಿದ್ಯಾರ್ಥಿನಿ (ಕಲಬುರಗಿ)

ಮಾಸ್ತರರು ಹೇಳಿದ 'ಸಮಾನ ಅಂಶ' ನನ್ನ ಕೆಲಸದಲ್ಲಿ ದಿನವೂ ಕಾಣುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಲ್ಯಾಪರೊಸ್ಕೋಪಿ ಎಂದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ, ಒಳಗೆ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ. ಕಣ್ಣು ಇರುವುದು ಪರದೆಯ ಮೇಲೆ, ಕೈ ಇರುವುದು ಬೇರೆಡೆ. ರಂಧ್ರವೇ ಕೀಲಾಗುವುದರಿಂದ ಕೈಯನ್ನು ಎಡಕ್ಕೆ ಒಯ್ದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ಮೊದಲ ದಿನ ಅಭ್ಯಾಸದ ಪೆಟ್ಟಿಗೆಯಲ್ಲಿ ಆರು ಸಣ್ಣ ತುಂಡುಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಸಾಗಿಸುವಷ್ಟರಲ್ಲಿ ನಾನು ಬೆವತುಹೋಗಿದ್ದೆ. ನನ್ನ ಜೊತೆಯ ಹುಡುಗನೊಬ್ಬ, ಹಾಸ್ಟೆಲಿನಲ್ಲಿ ಸದಾ ಕಂಟ್ರೋಲರ್ ಹಿಡಿದು ಕೂರುತ್ತಿದ್ದವನು, ಅದನ್ನು ಆಟದಂತೆ ಮುಗಿಸಿದ.

ಇದಕ್ಕೆ ಆಧಾರವೂ ಇದೆ. ಅಮೆರಿಕದಲ್ಲಿ 33 ಶಸ್ತ್ರಚಿಕಿತ್ಸಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಗೇಮ್ ಆಡಿದ್ದವರು ಲ್ಯಾಪರೊಸ್ಕೋಪಿಯ ಅಭ್ಯಾಸದಲ್ಲಿ ಆಡದವರಿಗಿಂತ 37% ಕಡಿಮೆ ತಪ್ಪು ಮಾಡಿ, 27% ಬೇಗ ಮುಗಿಸಿದ್ದರು. ಆದರೆ ಆಟದಿಂದ ಕೈ ಪಳಗಿತೋ, ಕೈ ಪಳಗಿದವರೇ ಆಟಕ್ಕೆ ಒಲಿದರೋ ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ. ಆ ತೊಡಕನ್ನು ಬಿಡಿಸಲು ಆಡದವರನ್ನೇ ಕರೆದು ಆಡಿಸಬೇಕು. ಗ್ರೀನ್ ಮತ್ತು ಬೇವಲಿಯರ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾಗೆಯೇ ಮಾಡಿದರು: ಒಂದು ಗುಂಪಿಗೆ ಹತ್ತು ದಿನ, ದಿನಕ್ಕೆ ಒಂದು ಗಂಟೆ, ಗುಂಡು ಹಾರಿಸುವ ವೇಗದ ಆಟ, ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟ. ಮೊದಲ ಗುಂಪಿನವರ ದೃಷ್ಟಿಯ ಗಮನ, ಅಂದರೆ ಒಮ್ಮೆಗೇ ಹಲವು ವಸ್ತುಗಳ ಮೇಲೆ ಕಣ್ಣಿಡುವ ಶಕ್ತಿ, ಹೆಚ್ಚು ಸುಧಾರಿಸಿತು.

ಗಮನಿಸಿ, ಸುಧಾರಿಸಿದ್ದು ಕಣ್ಣು. ತಾಳ್ಮೆ, ಛಲ, ಸೋಲನ್ನು ಅರಗಿಸಿಕೊಳ್ಳುವ ಗುಣ ಇವುಗಳ ಬಗ್ಗೆ ಈ ಎರಡು ಅಧ್ಯಯನಗಳಲ್ಲಿ ಒಂದು ಸಾಲೂ ಇಲ್ಲ. ಯಾದಗಿರಿಯ ತಮ್ಮ ಕೇಳುತ್ತಿರುವುದು ಆ ಎರಡನೆಯ ಬಗೆಯದು. ನನ್ನ ಜೊತೆಯ ಆ ಹುಡುಗನ ಕಥೆಯನ್ನೂ ಪೂರ್ತಿ ಹೇಳಬೇಕು: ಪೆಟ್ಟಿಗೆಯ ಮುಂದೆ ಚಕಚಕನೆ ಕೈ ಓಡಿಸಿದವನು, ನಿಜವಾದ ರೋಗಿಯ ರಕ್ತನಾಳದಿಂದ ರಕ್ತ ಚಿಮ್ಮಿದ ದಿನ ನನ್ನಷ್ಟೇ ಹೆದರಿದ.

ಬಿದರಿ ಉಳಿ (ಬೀದರ್)

ಅಕ್ಕ ಬರೆದ ಕೊನೆಯ ಸಾಲು ನನ್ನನ್ನು ಬರೆಯಲು ಹಚ್ಚಿತು. ನಮ್ಮ ಮನೆಯಲ್ಲಿ ಬಿದರಿ ಕೆಲಸ ಮೂರು ತಲೆಮಾರಿನದು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ನಯಗೊಳಿಸಿ, ಮೈಲುತುತ್ತದ ನೀರು ಸವರಿ, ತಾತ್ಕಾಲಿಕವಾಗಿ ಕಪ್ಪಾದ ಮೈಮೇಲೆ ಚಿತ್ತಾರ ಗೀಚಿಕೊಂಡು, ಉಳಿಯಿಂದ ಕೊರೆದು, ಆ ಕೊರೆತಕ್ಕೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸುತ್ತೇವೆ. ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರು ತಾಗಿದಾಗ ಲೋಹ ಕಾಡಿಗೆಯಂತೆ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅಪ್ಪ ನನ್ನ ಕೈಗೆ ಬೆಳ್ಳಿ ಕೊಡುವ ಮೊದಲು ಎರಡು ವರ್ಷ ಬರೀ ಗೆರೆ ಕೊರೆಸಿದರು. ಬೆಳ್ಳಿ ಕೈಗೆ ಬಂದ ದಿನ, ಅಷ್ಟು ದಿನ ನೆಟ್ಟಗೆ ಓಡುತ್ತಿದ್ದ ಉಳಿ ನಡುಗಿತು.

ರಾತ್ರಿ ಹೊತ್ತು ನಾನೂ ಗೇಮ್ ಆಡುತ್ತೇನೆ, ಅದೂ ಕಠಿಣ ಮಟ್ಟದಲ್ಲಿಯೇ. ಆಟದಲ್ಲಿ ನಾನು ಧೈರ್ಯವಂತ, ಏಕೆಂದರೆ ಅಲ್ಲಿ ತಪ್ಪಿಗೆ ಬೆಲೆಯಿಲ್ಲ. ಸತ್ತರೆ ಹತ್ತು ಸೆಕೆಂಡಿಗೆ ಮತ್ತೆ ಎದ್ದು ನಿಲ್ಲುತ್ತೇನೆ. ಬೆಲೆಯಿಲ್ಲದ ಕಾರಣಕ್ಕೇ ನೂರು ಸಲ ಪ್ರಯತ್ನಿಸಲು ಸಾಧ್ಯ, ನೂರು ಸಲ ಪ್ರಯತ್ನಿಸುವುದರಿಂದಲೇ ಕೈ ಪಳಗುತ್ತದೆ, ಇದನ್ನು ಒಪ್ಪುತ್ತೇನೆ. ಆದರೆ ಬೆಲೆಯಿರುವ ತಪ್ಪಿನ ಎದುರು ಕೈ ನಡುಗದಂತೆ ಇರುವುದು ಬೇರೆಯೇ ಕಲಿಕೆ. ಅದನ್ನು ನನಗೆ ಯಾವ ಆಟವೂ ಕಲಿಸಲಿಲ್ಲ, ಹಾಳಾದ ಎರಡು ಹೂದಾನಿಗಳು ಕಲಿಸಿದವು.

ಶಹಾಬಾದಿನ ತಾಯಿ

ನೀವೆಲ್ಲ ಬಲ್ಲವರು ಬರೆಯುತ್ತಿದ್ದೀರಿ, ನನ್ನದು ಮನೆಯ ಮಾತು. ಮಗ ಹತ್ತನೆಯ ತರಗತಿ. ಸುಲಭದ ಆಟವಾದರೆ ಅರ್ಧ ಗಂಟೆಗೆ ಬೇಸರವಾಗಿ ಬಿಡುತ್ತಾನೆ. ಕಠಿಣ ಮಟ್ಟಕ್ಕೆ ಹಾಕಿಕೊಂಡ ದಿನ "ಇನ್ನೊಂದೇ ಸಲ ಅವ್ವಾ" ಎನ್ನುತ್ತ ಹನ್ನೆರಡು ಹೊಡೆಸುತ್ತಾನೆ, ಏಕೆಂದರೆ ಪ್ರತಿ ಸಲವೂ ಗೆಲುವು ಇನ್ನೇನು ಕೈಗೆ ಸಿಕ್ಕಂತಿರುತ್ತದೆ. ಬೆಳಿಗ್ಗೆ ಏಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಅಸ್ವಸ್ಥತೆಯನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ ಎಂದು ಓದಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ಕ್ಲಿನಿಕ್ ಇದೆಯೆಂದು ತಿಳಿದು, ಹೋಗಬೇಕೇನೋ ಎಂದುಕೊಂಡಿದ್ದೆ. ಅಷ್ಟರ ಮಟ್ಟಿಗೆ ಹೋಗಿಲ್ಲವೆಂದು ಇಲ್ಲಿನ ವೈದ್ಯರು ಹೇಳಿದರು. ತಾಳ್ಮೆ ಬೆಳೆಯುತ್ತದೆ ಎಂದು ನೀವು ಹೇಳಿದರೆ ಅವನು ಅದನ್ನೇ ನನಗೆ ತೋರಿಸುತ್ತಾನೆ, ನೋಡಿ ಬರೆಯಿರಿ.

ಸುರಪುರದ ಗೇಮರ್

ಅವ್ವಾ, ನಿಮ್ಮ ಮಗನಿಗೆ ತೋರಿಸಬೇಕಾದದ್ದು ಬೇರೆ ಇದೆ. ಒಂದೇ ಹಂತದಲ್ಲಿ ನೂರು ಸಲ ಸಾಯುವವರಲ್ಲಿ ಎರಡು ಬಗೆ. ಒಬ್ಬ ಸತ್ತ ತಕ್ಷಣ ಗುಂಡಿ ಒತ್ತಿ ಮತ್ತೆ ಓಡುತ್ತಾನೆ. ನೂರನೆಯ ಸಲ ಗೆದ್ದರೂ ಹೇಗೆ ಗೆದ್ದೆನೆಂದು ಅವನಿಗೇ ತಿಳಿದಿರುವುದಿಲ್ಲ. ಇನ್ನೊಬ್ಬ ಸತ್ತ ಮೇಲೆ ಒಂದು ಕ್ಷಣ ನಿಂತು, ಯಾವ ಏಟು ಬಂತು, ಅದಕ್ಕೆ ಮೊದಲು ಎದುರಾಳಿಯ ಭುಜ ಯಾವ ಕಡೆ ವಾಲಿತ್ತು ಎಂದು ನೆನೆಯುತ್ತಾನೆ. ನಾನು ಬಹುಕಾಲ ಮೊದಲ ಬಗೆಯವನಾಗಿದ್ದೆ, ಈಗಲೂ ನಿದ್ದೆಗಣ್ಣಿನಲ್ಲಿ ಆಡಿದರೆ ಅದೇ ಬಗೆ. ಮಟ್ಟ ಇಬ್ಬರಿಗೂ ಒಂದೇ, ಕಲಿಕೆ ಮಾತ್ರ ಒಂದೇ ಅಲ್ಲ.

ಗಣಿತದ ಮಾಸ್ತರ (ಸೇಡಂ)

ಈ ಮಾತು ನನ್ನ ಹಿಂದಿನ ಬರಹವನ್ನು ಸ್ವಲ್ಪ ತಿದ್ದಿಸುತ್ತದೆ. ರಾಬರ್ಟ್ ಬ್ಯೋರ್ಕ್ ಎಂಬ ಮನೋವಿಜ್ಞಾನಿ 'ಅಪೇಕ್ಷಣೀಯ ಕಷ್ಟ' ಎಂಬ ಮಾತನ್ನು ಬಳಕೆಗೆ ತಂದರು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಕಷ್ಟ, ಆದರೆ ಆ ಕಷ್ಟವೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ. ಕಲಿಯುವವನ ಶಕ್ತಿಗೆ ಮೀರಿದ ಕಷ್ಟ ಮಾತ್ರ ಯಾವ ಉಪಯೋಗಕ್ಕೂ ಬಾರದು.

ನನ್ನ ವಿದ್ಯಾರ್ಥಿ ರೇಖಾಗಣಿತದ ಮುಂದೆ ಪೆನ್ನು ಮುಚ್ಚಿದ್ದೇಕೆಂದು ಮತ್ತೆ ಯೋಚಿಸಿದೆ. ಆಟ ಅವನಿಗೆ ಎಲ್ಲಿ ತಪ್ಪಿದೆ ಎಂದು ಎರಡು ಸೆಕೆಂಡಿನಲ್ಲಿ ಹೇಳುತ್ತದೆ. ನಾನು ಅವನ ನೋಟ್‌ಬುಕ್ ತಿದ್ದಿ ಕೊಡುವುದು ಒಂದು ವಾರದ ಮೇಲೆ, ಅದೂ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ ಎಳೆದು. ಅವನಿಗೆ ತಾಳ್ಮೆಯಿಲ್ಲ ಎಂದು ನಾನು ತೀರ್ಮಾನಿಸಿದ್ದು ಅವಸರದ ಮಾತಾಯಿತು. ಈ ತಿಂಗಳಿನಿಂದ ಪ್ರತಿ ಹೆಜ್ಜೆಯ ಪಕ್ಕದಲ್ಲಿ ಅಲ್ಲಲ್ಲೇ ಸರಿ ತಪ್ಪು ಹೇಳುವ ಕ್ರಮವನ್ನು ನಲವತ್ತೆಂಟು ಮಕ್ಕಳ ತರಗತಿಯಲ್ಲಿ ಹೇಗೆ ತರುವುದೆಂದು ನೋಡುತ್ತಿದ್ದೇನೆ, ಸುಲಭವಂತೂ ಅಲ್ಲ.

ಭೀಮಾತೀರದವನು (ಯಾದಗಿರಿ)

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಸುರಪುರದ ಅಣ್ಣ ಹೇಳಿದ ಎರಡನೆಯ ಬಗೆಯವನು ನಾನು ಎಂದು ಹೆಮ್ಮೆಪಡುವುದರಲ್ಲಿದ್ದೆ, ಏಕೆಂದರೆ ಗೆನಿಚಿರೊನ ಎದುರು ಮೂರನೆಯ ರಾತ್ರಿಯಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ: ಎಡಗಡೆ ಯಾವ ಏಟಿಗೆ ಸತ್ತೆ, ನಡುವೆ ಆಗ ನಾನು ಏನು ಮಾಡುತ್ತಿದ್ದೆ, ಬಲಗಡೆ ಮುಂದಿನ ಸಲ ಏನು ಬದಲಿಸುವುದು. ಪರೀಕ್ಷೆಯ ತಪ್ಪು ಉತ್ತರಗಳನ್ನು ಬರೆದುಕೊಂಡದ್ದೂ ಅದೇ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ, ಅದೇ ಮೂರು ಕಂಬಸಾಲುಗಳಲ್ಲಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎಂದುಕೊಂಡು ತಂಗಿಗೆ ತೋರಿಸಿದೆ.

ಅವಳು ಒಳಗೆ ಹೋಗಿ ಟ್ರಂಕಿನಿಂದ ನನ್ನ ಪಿಯುಸಿ ಕಾಲದ ಭೌತಶಾಸ್ತ್ರದ ನೋಟ್‌ಬುಕ್ ತಂದು ಮುಂದಿಟ್ಟಳು. ಅದರ ಕೊನೆಯ ಪುಟಗಳಲ್ಲಿ, ನನ್ನದೇ ಅಕ್ಷರದಲ್ಲಿ, ತಪ್ಪಿದ ಲೆಕ್ಕಗಳಿಗೆ ಇವೇ ಮೂರು ಕಂಬಸಾಲುಗಳಿದ್ದವು. ಕಲಿಸಿದವರು ನಮ್ಮ ಆಗಿನ ಉಪನ್ಯಾಸಕರು. ನಾನು ಪೂರ್ತಿ ಮರೆತಿದ್ದೆ. ಎಂದರೆ ಆ ಅಭ್ಯಾಸವನ್ನು ಆಟ ನನಗೆ ಕೊಡಲಿಲ್ಲ, ನಾನೇ ಆಟಕ್ಕೆ ಒಯ್ದಿದ್ದೆ. ಶಸ್ತ್ರಚಿಕಿತ್ಸೆಯ ಅಕ್ಕ ಎತ್ತಿದ ಅನುಮಾನ ನನ್ನ ಮನೆಯ ಟ್ರಂಕಿನಲ್ಲೇ ಇತ್ತು.

ಆದರೂ ಒಂದನ್ನು ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ. ಪಿಯುಸಿ ಮುಗಿದ ಮೇಲೆ ಏಳು ವರ್ಷ ಆ ಅಭ್ಯಾಸ ನನ್ನಲ್ಲಿ ಮಲಗಿತ್ತು. ಪದವಿಯೂ, ಕೋಚಿಂಗ್ ತರಗತಿಯೂ, ಹಿಂದಿನ ಎರಡು ಪರೀಕ್ಷೆಗಳೂ ಅದನ್ನು ಎಬ್ಬಿಸಲಿಲ್ಲ. ಮೂರನೆಯ ರಾತ್ರಿ ಆ ಕತ್ತಿಯವನು ಎಬ್ಬಿಸಿದ. ಸುಲಭದ ಮಟ್ಟ ಇದ್ದಿದ್ದರೆ ನಾನು ಅದನ್ನೇ ಆರಿಸಿಕೊಂಡು ಮೊದಲ ರಾತ್ರಿಯೇ ದಾಟಿಹೋಗುತ್ತಿದ್ದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಪ್ಪನಿಗೆ ಇಷ್ಟನ್ನು ಹೇಳಿದೆ. ಅವರು ನೋಟ್‌ಬುಕ್ ತಿರುವಿ ನೋಡಿ, ಮುಂದಿನ ಪುಟಗಳು ಯಾಕೆ ಖಾಲಿ ಎಂದು ಕೇಳಿದರು.

ಮುಸ್ತಫಾ ಕಾಲದವನು (ಕಲಬುರಗಿ)

ನಿಮ್ಮ ಅಪ್ಪನನ್ನು ಯಾವ ಕಠಿಣ ಮಟ್ಟಕ್ಕೂ ಹೋಲಿಸಲಾಗದು, ತಮ್ಮಾ.

ಶಹಾಬಾದಿನ ತಾಯಿ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ನೋಟ್‌ಬುಕ್ ಇಡು ಎಂದರೆ ಮಗ ಒಪ್ಪಲಿಲ್ಲ. ಕಡೆಗೆ ಒಂದು ಕರಾರು ಮಾಡಿಕೊಂಡೆವು: ಸೋತಾಗಲೆಲ್ಲ, ಮತ್ತೆ ಶುರು ಮಾಡುವ ಮೊದಲು, ಏಕೆ ಸೋತೆ ಎಂದು ಅಡುಗೆಮನೆಯಲ್ಲಿರುವ ನನಗೆ ಕೇಳುವಂತೆ ಕೂಗಿ ಹೇಳಬೇಕು. ಮೊದಲ ಮೂರು ದಿನ "ನೆಟ್ ಸ್ಲೋ ಆಯ್ತು", "ಬಟನ್ ಸರಿ ಇಲ್ಲ", "ನೀ ಕರದಿ, ಅದಕ್ಕ" ಎಂಬುವೇ ಬಂದವು. ನಾಲ್ಕನೆಯ ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ "ನಾನೇ ಲಗೂ ಒತ್ತಿದೆ" ಎಂಬ ದನಿ ಕೇಳಿತು. ಹೀಗೆ ಕೂಗಿ ಹೇಳುವುದು ಬೇಸರವೆಂದೋ ಏನೋ, ಆಟವೂ ಈಗ ಹತ್ತೂವರೆಗೆ ನಿಲ್ಲುತ್ತಿದೆ. ಗಣಿತದ ಅಂಕಗಳು ಮಾತ್ರ ಮೊದಲಿನಂತೆಯೇ ಇವೆ, ಮಾಸ್ತರರೇ.